ಇನ್‌ಫ್ರಾರೆಡ್ ಸೌನಾದಿಂದ ಶುಗರ್, ಮಂಡಿನೋವು ವಾಸಿಯಾಗುತ್ತದೆಯೇ? ಮನೆಗೆ ತರುವ ಮುನ್ನ ಇದನ್ನು ಓದಿ

‘ದಿನಾ ಅರ್ಧ ಗಂಟೆ ಇನ್‌ಫ್ರಾರೆಡ್ ಸೌನಾದಲ್ಲಿ ಕೂತರೆ ದೇಹದ ವಿಷವೆಲ್ಲ ಬೆವರಾಗಿ ಹೋಗುತ್ತದೆ. ಕಿರಣಗಳು ಮೂಳೆಯವರೆಗೂ ಇಳಿದು ಮಂಡಿನೋವು ತೆಗೆಯುತ್ತವೆ. ಬಿಪಿ, ಶುಗರ್ ಮಾತ್ರೆಯೇ ಬೇಡ!’ ಇಂಥದೊಂದು ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಓದುಗರೊಬ್ಬರು ಇದನ್ನು ನಮಗೆ ಕಳಿಸಿ ಕೇಳಿದ್ದಾರೆ: ‘ಅಮ್ಮನಿಗೆ 62 ವರ್ಷ. ಶುಗರ್ ಇದೆ, ಮಂಡಿನೋವೂ ಇದೆ. ಕಂತಿನಲ್ಲಿ ಒಂದು ತಗೊಳ್ಳೋಣ ಅಂದ್ಕೊಂಡಿದ್ದೀನಿ. ತಗೊಳ್ಳಬಹುದಾ?’

ಚಿಕ್ಕದಾಗಿ ಹೇಳುವುದಾದರೆ, ಆರೋಗ್ಯವಂತರಿಗೆ ಇದು ಹಿತ ಕೊಡುವ ಒಂದು ಸೌಕರ್ಯ, ಔಷಧಿಯಲ್ಲ. ಶುಗರ್ ಇರುವವರಿಗೆ ವೈದ್ಯರನ್ನು ಕೇಳದೆ ಕೊಡಿಸಿದರೆ ಅಪಾಯವೂ ಆಗಬಹುದು. ಏಕೆಂದು ನೋಡೋಣ.

ಇದು ಕೆಲಸ ಮಾಡುವುದು ಹೇಗೆ?

ಇನ್‌ಫ್ರಾರೆಡ್ ಎಂದರೆ ಅತಿಗೆಂಪು ಕಿರಣ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದರು. ಕಣ್ಣಿಗೆ ಕಾಣದು, ಚರ್ಮಕ್ಕೆ ಬಿಸಿಯಾಗಿ ತಿಳಿಯುತ್ತದೆ. ಬಚ್ಚಲ ಹಂಡೆಯ ಒಲೆ ಮುಂದೆ ಕೂತಾಗ ಮೊಣಕಾಲು ಕಾಯುತ್ತದಲ್ಲ, ಅದು ಇದೇ ಕಿರಣ. ತೋಟದಲ್ಲಿ ಮೈಮೇಲೆ ಬೀಳುವ ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಪಾಲು ಇದೇ.

ಫಿನ್ಲೆಂಡಿನ ಸಾಂಪ್ರದಾಯಿಕ ಸೌನಾದಲ್ಲಿ ಕಲ್ಲು ಕಾಯಿಸಿ, ಕೋಣೆಯ ಗಾಳಿಯನ್ನೇ 80ರಿಂದ 100 ಡಿಗ್ರಿಗೆ ಏರಿಸುತ್ತಾರೆ. ಇನ್‌ಫ್ರಾರೆಡ್ ಸೌನಾದಲ್ಲಿ ಹೀಟರ್ ಹಲಗೆಗಳು ನೇರವಾಗಿ ಮೈಯನ್ನು ಕಾಯಿಸುತ್ತವೆ. ಒಳಗಿನ ಗಾಳಿ ಸಾಮಾನ್ಯವಾಗಿ 45ರಿಂದ 60 ಡಿಗ್ರಿ ಇರುತ್ತದೆ.

‘ಮೂಳೆಯವರೆಗೂ ಇಳಿಯುತ್ತದೆ’ ಎಂಬುದು ತಪ್ಪು. ಮನೆಬಳಕೆಯ ಹೆಚ್ಚಿನ ಸೌನಾಗಳಲ್ಲಿರುವುದು ‘ಫಾರ್ ಇನ್‌ಫ್ರಾರೆಡ್’. ಇದು ಚರ್ಮದ ಮೇಲ್ಪದರದಲ್ಲೇ, ಒಂದು ಮಿಲಿಮೀಟರಿಗೂ ಕಡಿಮೆ ಆಳದಲ್ಲಿ ಹೀರಿಹೋಗುತ್ತದೆ. ‘ನಿಯರ್ ಇನ್‌ಫ್ರಾರೆಡ್’ ಕೆಲವು ಮಿಲಿಮೀಟರ್ ಇಳಿಯಬಹುದು, ಅಷ್ಟೇ. ಅಲ್ಲಿಂದ ಒಳಗೆ ಬಿಸಿ ಒಯ್ಯುವುದು ನಮ್ಮ ರಕ್ತ.

ಬೆವರಿನಲ್ಲಿ ವಿಷ ಹೋಗುತ್ತದೆಯೇ?

ಬೆವರಿನಲ್ಲಿ ಸುಮಾರು 99 ಭಾಗ ನೀರು, ಉಳಿದದ್ದರಲ್ಲಿ ಮುಖ್ಯವಾಗಿ ಉಪ್ಪು. ಬೆವರುವುದು ದೇಹವನ್ನು ತಂಪು ಮಾಡಿಕೊಳ್ಳಲು. ಬೇಡದ್ದನ್ನು ಹೊರಹಾಕುವ ಕೆಲಸ ಮುಖ್ಯವಾಗಿ ಲಿವರ್ ಮತ್ತು ಕಿಡ್ನಿಯದು. ಬೆವರಿನಲ್ಲಿ ಕೆಲವು ಲೋಹ, ರಾಸಾಯನಿಕಗಳ ಅಂಶ ಸಿಗುವುದು ನಿಜ, ಆದರೆ ಪ್ರಮಾಣ ಅತ್ಯಲ್ಪ. ನಮ್ಮ ಜಿಲ್ಲೆಯ ಪಾವಗಡದ ಕಡೆ ಕೊಳವೆಬಾವಿ ನೀರಿನ ಫ್ಲೋರೈಡ್ ದೊಡ್ಡ ಸಮಸ್ಯೆ. ಮೈಗೆ ಸೇರಿದ ಫ್ಲೋರೈಡ್ ಕೂಡ ಹೊರಹೋಗುವುದು ಮುಖ್ಯವಾಗಿ ಮೂತ್ರದಲ್ಲಿ. ಅದಕ್ಕೆ ಬೇಕಿರುವುದು ಶುದ್ಧ ನೀರು, ಸೌನಾ ಅಲ್ಲ.

‘ಒಂದೇ ಸಲಕ್ಕೆ ಅರ್ಧ ಕಿಲೋ ಇಳಿದೆ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಇಳಿದದ್ದು ನೀರು, ಕೊಬ್ಬಲ್ಲ. ಎರಡು ಲೋಟ ನೀರು ಕುಡಿದರೆ ಆ ತೂಕ ವಾಪಸ್ ಬರುತ್ತದೆ.

ಹಾಗಾದರೆ ಉಪಯೋಗವೇ ಇಲ್ಲವೇ?

ಇದೆ. ಬಿಸಿಗೆ ರಕ್ತನಾಳ ಹಿಗ್ಗುತ್ತದೆ, ಬಿಗಿದ ಸ್ನಾಯು ಸಡಿಲಾಗುತ್ತದೆ, ಕೆಲವರಿಗೆ ಒಳ್ಳೆ ನಿದ್ದೆ ಬರುತ್ತದೆ. ನೆದರ್ಲೆಂಡಿನಲ್ಲಿ ಸಂಧಿವಾತ ಮತ್ತು ಬೆನ್ನುಮೂಳೆಯ ಉರಿಯೂತವಿದ್ದ 34 ಜನರಿಗೆ ನಾಲ್ಕು ವಾರ ಇನ್‌ಫ್ರಾರೆಡ್ ಸೌನಾ ಕೊಟ್ಟು ನೋಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಕೂತಿದ್ದಾಗ ನೋವು, ಬಿಗಿತ ಕಡಿಮೆಯಾಯಿತು. ಆದರೆ ಆ ಲಾಭ ಬಹುಕಾಲ ಉಳಿಯಿತೆಂದು ಸಾಬೀತಾಗಲಿಲ್ಲ.

ಜಪಾನಿನಲ್ಲಿ ಹೃದಯ ದುರ್ಬಲವಾದ ರೋಗಿಗಳಿಗೆ ‘ವಾವೊನ್’ ಎಂಬ ಚಿಕಿತ್ಸೆ ಕೊಡುತ್ತಾರೆ. 60 ಡಿಗ್ರಿಯಲ್ಲಿ 15 ನಿಮಿಷ, ನಂತರ ಹೊದ್ದು 30 ನಿಮಿಷ ವಿಶ್ರಾಂತಿ. ಅದು ವೈದ್ಯರ ಕಣ್ಣೆದುರು ನಡೆಯುವಂಥದ್ದು, ಮಾತ್ರೆಗಳ ಜೊತೆಗೆ, ಮಾತ್ರೆಗಳ ಬದಲಿಗೆ ಅಲ್ಲ.

‘ಸೌನಾದಿಂದ ಹೃದಯಾಘಾತ ಕಡಿಮೆ’ ಎಂಬ ಮಾತಿನ ಮೂಲ ಫಿನ್ಲೆಂಡಿನದು. 2315 ಗಂಡಸರನ್ನು ಸುಮಾರು 20 ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ವಾರಕ್ಕೆ 4-7 ಸಲ ಸೌನಾ ಮಾಡುವವರಲ್ಲಿ ಹೃದಯ ಸಂಬಂಧಿ ಸಾವು ಕಡಿಮೆ ಇತ್ತು. ಆದರೆ ಅದು ಸಾಂಪ್ರದಾಯಿಕ ಸೌನಾ. ಜೊತೆಗೆ, ಆರೋಗ್ಯವಾಗಿದ್ದವರೇ ಹೆಚ್ಚು ಸೌನಾ ಮಾಡುತ್ತಿದ್ದಿರಬಹುದು. ಆ ಫಲಿತಾಂಶವನ್ನು ತಂದು ಇನ್‌ಫ್ರಾರೆಡ್ ಪೆಟ್ಟಿಗೆಗೆ ಅಂಟಿಸುವಂತಿಲ್ಲ.

ಶುಗರ್ ಇದ್ದವರಿಗೆ ಎಚ್ಚರಿಕೆ ಏಕೆ?

ಮೂರು ಕಾರಣಗಳಿವೆ. ಒಂದು, ಬಹಳ ವರ್ಷ ಶುಗರ್ ಇದ್ದವರ ಪಾದದಲ್ಲಿ ಸ್ಪರ್ಶ ಮಂದವಾಗಿರಬಹುದು. ಸುಡುತ್ತಿರುವುದೇ ಗೊತ್ತಾಗುವುದಿಲ್ಲ. ಆ ಸುಟ್ಟಗಾಯ ಬೇಗ ಮಾಯುವುದೂ ಇಲ್ಲ. ಎರಡು, ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಬಿಸಿಗೆ ಇನ್ಸುಲಿನ್ ಬೇಗ ರಕ್ತಕ್ಕೆ ಸೇರಿ ಶುಗರ್ ದಿಢೀರ್ ಇಳಿಯಬಹುದು. ಮೂರು, ಬಿಪಿ ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ ಎದ್ದು ನಿಂತಾಗ ಬಿಪಿ ಕುಸಿದು ತಲೆ ಸುತ್ತಬಹುದು. 62ರ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಮಂಡಿನೋವು ಸಣ್ಣದಾಗಿ ಕಾಣುತ್ತದೆ.

ಗರ್ಭಿಣಿಯರು, ಜ್ವರವಿರುವವರು, ಇತ್ತೀಚೆಗೆ ಹೃದಯಾಘಾತವಾದವರು, ಮದ್ಯ ಕುಡಿದವರು ಒಳಗೆ ಕೂರಲೇಬಾರದು. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳಬೇಕು. ಮಗುವಿಗಾಗಿ ಪ್ರಯತ್ನಿಸುತ್ತಿರುವ ಗಂಡಸರೂ ದೂರವಿರುವುದು ಒಳ್ಳೆಯದು. ಪದೇ ಪದೇ ಸೌನಾದ ಬಿಸಿಗೆ ವೀರ್ಯಾಣು ತಾತ್ಕಾಲಿಕವಾಗಿ ಕಡಿಮೆಯಾಗುತ್ತದೆ.

ಆರೋಗ್ಯವಾಗಿದ್ದೀರಿ, ಕೊಳ್ಳಲೇಬೇಕು ಎಂದಿದ್ದರೆ

ಮೊದಲು ಮನೆಯ ವೈರಿಂಗ್ ನೋಡಿ. 2 ಕಿಲೋವಾಟ್ ಕ್ಯಾಬಿನ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಟಿವಿ, ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಸಾಕೆಟ್ ಇದಕ್ಕೆ ಸಾಲದು. 16 ಆಂಪಿಯರಿನ ಪ್ರತ್ಯೇಕ ಪವರ್ ಪಾಯಿಂಟ್, ಸರಿಯಾದ ಅರ್ಥಿಂಗ್, ಕರೆಂಟ್ ಸೋರಿದ ತಕ್ಷಣ ಅದನ್ನು ಕಡಿಯುವ ಆರ್‌ಸಿಸಿಬಿ ಬೇಕು. ಬೆವರಿನಿಂದ ಒದ್ದೆಯಾದ ಮೈ ಎಂಬುದನ್ನು ಮರೆಯಬೇಡಿ.

ಆಮೇಲೆ ಬಿಲ್. ಕಾಯಲು 15 ನಿಮಿಷ, ಕೂರಲು 20 ನಿಮಿಷ ಎಂದರೆ ದಿನಕ್ಕೆ ಹೆಚ್ಚೆಂದರೆ 1.2 ಯೂನಿಟ್, ತಿಂಗಳಿಗೆ ಸುಮಾರು 35 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ ಪೂರ್ತಿ ನಾವೇ ಕಟ್ಟಬೇಕು. ಈಗಾಗಲೇ ಅಂಚಿನಲ್ಲಿರುವವರು ಲೆಕ್ಕ ಹಾಕಿಕೊಳ್ಳಿ.

ತಾನಾಗಿ ಆಫ್ ಆಗುವ ಟೈಮರ್, ತಾಪ ನಿಯಂತ್ರಣ, ಒಳಗಿನಿಂದ ತಳ್ಳಿದರೆ ಸಾಕು ತೆರೆಯುವ ಬಾಗಿಲು ಇರಲೇಬೇಕು. ಹೊದಿಕೆಯಂತೆ ಸುತ್ತಿಕೊಳ್ಳುವ ಸೌನಾ ಅಗ್ಗ, ಆದರೆ ಹೀಟರ್ ಮೈಗೆ ತಾಗಿಯೇ ಇರುತ್ತದೆ. ಅದರೊಳಗೆ ನಿದ್ದೆ ಹೋಗಬೇಡಿ. ರಿಪೇರಿಗೆ ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಯಾರಾದರೂ ಇದ್ದಾರೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ.

ಬಳಸುವಾಗ 45 ಡಿಗ್ರಿಯಲ್ಲಿ 5-10 ನಿಮಿಷದಿಂದ ಶುರು ಮಾಡಿ. 20 ನಿಮಿಷ ಮೀರಬೇಡಿ. ಮನೆಯಲ್ಲಿ ಇನ್ನೊಬ್ಬರಿರಲಿ. ಮೊದಲೂ ನಂತರವೂ ನೀರು ಕುಡಿಯಿರಿ, ನಿಧಾನಕ್ಕೆ ಎದ್ದೇಳಿ. ತಲೆ ಸುತ್ತು, ವಾಕರಿಕೆ, ಎದೆಬಡಿತ ಕಂಡರೆ ತಕ್ಷಣ ಹೊರಬನ್ನಿ. ಏಪ್ರಿಲ್ ಬಿಸಿಲಿನ ಮಧ್ಯಾಹ್ನ ಅಂತೂ ಬೇಡವೇ ಬೇಡ.

ನಿಟ್ಟೂರಿನ ಓದುಗರಿಗೆ ನಮ್ಮ ಉತ್ತರ

ಈಗಲೇ ಕಂತು ಕಟ್ಟಬೇಡಿ. ಅಮ್ಮನನ್ನು ಮೊದಲು ವೈದ್ಯರ ಬಳಿ ಕರೆದೊಯ್ದು ಪಾದದ ಸ್ಪರ್ಶ, ಬಿಪಿ, ಶುಗರ್ ಪರೀಕ್ಷೆ ಮಾಡಿಸಿ. ಮಂಡಿ ಸವೆತಕ್ಕೆ ಮೊದಲ ಮದ್ದು ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಮತ್ತು ತೂಕ ಇಳಿಸುವುದು. ಫಿಸಿಯೋಥೆರಪಿಸ್ಟ್ ಒಮ್ಮೆ ಹೇಳಿಕೊಟ್ಟರೆ ಜಗಲಿಯ ಮೇಲೆ ಕೂತೇ ಮಾಡಬಹುದು. ಸ್ಪರ್ಶ ಸರಿಯಿದ್ದರೆ ಟವೆಲ್ ಸುತ್ತಿದ ಬಿಸಿನೀರಿನ ಚೀಲದಿಂದ 15 ನಿಮಿಷ ಶಾಖ ಕೊಟ್ಟರೂ ಸೌನಾದಷ್ಟೇ ಹಾಯೆನಿಸಬಹುದು. ಮುಖ್ಯವಾಗಿ, ಫಾರ್ವರ್ಡ್ ನಂಬಿ ಅಮ್ಮ ಈಗಾಗಲೇ ಮಾತ್ರೆ ನಿಲ್ಲಿಸಿದ್ದಾರೆಯೇ ಎಂದು ಇವತ್ತೇ ಕೇಳಿ. ನಿಲ್ಲಿಸಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಆ ಫಾರ್ವರ್ಡ್ ನಿಮ್ಮ ಗ್ರೂಪಿನಲ್ಲೂ ಇದ್ದರೆ, ಅದರ ಕೆಳಗೆ ಈ ಲೇಖನ ಹಾಕಿ. ಯಾರದೋ ಮನೆಯ ಅಮ್ಮ ಮಾತ್ರೆ ಬಿಡುವ ಮುನ್ನ ಓದಲಿ.