ಹಂಪಿಯಲ್ಲಿ ಹಾಳಾಗದೆ ಉಳಿದ ನೀರು

‘ಹಾಳು ಹಂಪಿ’ ಎಂದು ಹೇಳಿ ಹೇಳಿ ನಮಗೆ ರೂಢಿಯಾಗಿಬಿಟ್ಟಿದೆ. 1565ರ ಜನವರಿಯ ಯುದ್ಧದಲ್ಲಿ ಸೋತ ಮೇಲೆ ವಿಜಯನಗರ ಬರಿದಾಯಿತು, ಅರಮನೆಗಳು ಸುಟ್ಟುಹೋದವು, ಪೇಟೆಗಳು ಖಾಲಿಯಾದವು ಎಂಬುದನ್ನು ಶಾಲೆಯಲ್ಲೇ ಓದಿಕೊಂಡಿದ್ದೇವೆ. ಹಂಪಿಗೆ ಹೋಗುವಾಗಲೂ ಅದೇ ಮನಸ್ಸು. ಮುರಿದ ಕಂಬ, ಭಿನ್ನವಾದ ವಿಗ್ರಹ ನೋಡಿ ಮರುಗಿ ಬರುತ್ತೇವೆ. ಆದರೆ ಆ ಊರಿನಲ್ಲಿ ಹಾಳಾಗದೆ ಉಳಿದವು ಎರಡಿವೆ. ಒಂದು, ವಿರೂಪಾಕ್ಷನ ಪೂಜೆ. ಇನ್ನೊಂದು, ಕಾಲುವೆಯ ನೀರು. ಮೊದಲನೆಯದಕ್ಕೆ ಎಲ್ಲರೂ ಕೈಮುಗಿಯುತ್ತಾರೆ. ಎರಡನೆಯದನ್ನು ಸುಮ್ಮನೆ ದಾಟಿಕೊಂಡು ಹೋಗುತ್ತಾರೆ.

ಕಮಲಾಪುರದಿಂದ ಹಂಪಿಗೆ ಬರುವ ದಾರಿಯಲ್ಲಿ ಬಾಳೆ ತೋಟ, ಕಬ್ಬು, ಭತ್ತದ ಗದ್ದೆಗಳ ನಡುವೆ ಹರಿಯುವ ತುರ್ತಾ ಕಾಲುವೆಯನ್ನು ನೋಡದೆ ಹಂಪಿ ಸೇರುವುದಕ್ಕೇ ಆಗುವುದಿಲ್ಲ. ಬಂಡೆಗಳ ಆ ನಾಡಿನಲ್ಲಿ ಇಷ್ಟೊಂದು ಹಸಿರು ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಬಡವಿಲಿಂಗದ ಗುಡಿಯೊಳಗೆ ಬಗ್ಗಿ ನೋಡಿದವರು ಲಿಂಗದ ಬುಡದಲ್ಲಿ ಸದಾ ನಿಂತಿರುವ ನೀರನ್ನು ಕಂಡಿರುತ್ತಾರೆ, ನಾಣ್ಯವನ್ನೂ ಎಸೆದಿರುತ್ತಾರೆ. ಸುಮಾರು ಹತ್ತು ಅಡಿ ಎತ್ತರದ ಆ ಲಿಂಗದ ಪಾದಕ್ಕೆ ನೀರು ತರುವುದು ಕಾಲುವೆಯ ಕವಲು. ದೇವರಿಗೂ ಗದ್ದೆಗೂ ಒಂದೇ ನೀರು ಹರಿಸಿದ ಊರು ಅದು.

ತುಂಗಭದ್ರೆಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಕಟ್ಟಿದ ಒಡ್ಡುಗಳು, ಅವುಗಳಿಂದ ಹೊರಟ ಕಾಲುವೆಗಳು ಹದಿನೈದಕ್ಕೂ ಹೆಚ್ಚು. ಬಲದಂಡೆಯಲ್ಲಿ ರಾಯ, ಬಸವಣ್ಣ, ಬೆಲ್ಲ, ಕಾಳಘಟ್ಟ, ತುರ್ತಾ, ರಾಮಸಾಗರ, ಕಂಪ್ಲಿ, ಬೆಳಗೋಡು, ಸಿರುಗುಪ್ಪ. ಎಡದಂಡೆಯಲ್ಲಿ ಕೊರೆಗಲ್ಲು, ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿ. ವಿಜಯನಗರ, ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಇವೆಲ್ಲ ಸೇರಿ ಇಂದಿಗೂ 25 ಸಾವಿರ ಎಕರೆಗೂ ಹೆಚ್ಚು ನೆಲಕ್ಕೆ ನೀರುಣಿಸುತ್ತಿವೆ. ಪ್ರದರ್ಶನಕ್ಕೆಂದು ಉಳಿಸಿಕೊಂಡ ಕಾಲುವೆಗಳಲ್ಲ ಇವು. ಇವುಗಳನ್ನು ನಂಬಿ ಸಂಸಾರ ನಡೆಸುವ ಸಾವಿರಾರು ಮನೆಗಳಿವೆ.

ಈ ಒಡ್ಡುಗಳನ್ನು ಕಟ್ಟಿದ ಬಗೆಯನ್ನು ಹತ್ತಿರ ಹೋಗಿ ನೋಡಬೇಕು. ಅಣೆಕಟ್ಟು ಎಂದೊಡನೆ ನಾವು ನೆನೆಯುವ ನೇರ ಗೋಡೆ, ಗೇಟು, ಸೇತುವೆ ಯಾವುದೂ ಅಲ್ಲಿಲ್ಲ. ಹಂಪಿಯ ಸುತ್ತ ತುಂಗಭದ್ರೆ ಹರಿಯುವುದೇ ಬಂಡೆಗಳ ಮೇಲೆ. ಹೊಳೆಯ ನಡುವೆ ತಾನಾಗಿ ನಿಂತ ಗುಂಡುಗಲ್ಲುಗಳನ್ನೇ ಕಟ್ಟಡದವರು ಕಂಬಗಳಾಗಿ ಬಳಸಿಕೊಂಡರು. ಒಂದು ಬಂಡೆಗೂ ಇನ್ನೊಂದಕ್ಕೂ ನಡುವಿನ ಸಂದಿಯನ್ನಷ್ಟೇ ದೊಡ್ಡ ದೊಡ್ಡ ಕಲ್ಲುಗಳಿಂದ ಮುಚ್ಚಿದರು. ಹೀಗಾಗಿ ಒಡ್ಡು ನೇರವಾಗಿಲ್ಲ. ಬಂಡೆ ಎಲ್ಲಿದೆಯೋ ಅಲ್ಲಿಗೆ ತಿರುಗಿ, ಹೊಳೆಗೆ ಓರೆಯಾಗಿ, ಅಂಕುಡೊಂಕಾಗಿ ಸಾಗುತ್ತದೆ. ಎತ್ತರವೂ ಹೆಚ್ಚಿಲ್ಲ. ಬೇಸಿಗೆಯ ನೀರನ್ನು ಸ್ವಲ್ಪ ಎತ್ತರಿಸಿ ದಂಡೆಯ ಕಾಲುವೆಯ ಬಾಯಿಗೆ ತಳ್ಳುವಷ್ಟಿದ್ದರೆ ಸಾಕು. ಮಳೆಗಾಲದಲ್ಲಿ ಪ್ರವಾಹ ಬಂದರೆ ಅದು ಒಡ್ಡಿನ ಮೇಲಿಂದ ಹಾಯ್ದು ಹೋಗುತ್ತದೆ. ಹೊಳೆಯೊಂದಿಗೆ ಸೆಣಸದೆ, ತನಗೆ ಬೇಕಾದಷ್ಟನ್ನು ಮಾತ್ರ ಪಕ್ಕಕ್ಕೆ ತಿರುಗಿಸಿಕೊಂಡದ್ದರಿಂದಲೇ ಆ ಕಟ್ಟಡ ಇಷ್ಟು ಶತಮಾನಗಳ ನೆರೆಯನ್ನು ತಾಳಿಕೊಂಡಿತು ಎಂದು ನನಗೆ ಅನ್ನಿಸುತ್ತದೆ.

ಕಾಲುವೆ ಹೊರಟ ಮೇಲಿನ ಜಾಣ್ಮೆಯೂ ಕಡಿಮೆಯದಲ್ಲ. ಹೊಳೆ ಬೇಗ ಬೇಗ ಇಳಿಯುತ್ತದೆ. ಕಾಲುವೆ ಗುಡ್ಡದ ಬುಡವನ್ನು ಹಿಡಿದುಕೊಂಡು ನಿಧಾನವಾಗಿ ಇಳಿಯುತ್ತದೆ. ಹೋದಂತೆ ಹೋದಂತೆ ಹೊಳೆ ಕೆಳಗಾಗಿ, ಕಾಲುವೆ ಮೇಲಾಗಿ, ನಡುವಿನ ನೆಲವೆಲ್ಲ ಗದ್ದೆಯಾಗುತ್ತದೆ. ಹೆಚ್ಚಾದ ನೀರು ಮತ್ತೆ ಹೊಳೆಗೇ ಸೇರುತ್ತದೆ. ಮಾತಂಗ ಬೆಟ್ಟದ ಮೇಲೆ ನಿಂತು ದಕ್ಷಿಣಕ್ಕೆ ನೋಡಿದರೆ ಇದೆಲ್ಲ ಒಂದೇ ನೋಟಕ್ಕೆ ತಿಳಿಯುತ್ತದೆ. ಈಚೆ ದೇವಾಲಯಗಳಿರುವ ಹೊಳೆದಂಡೆ, ಆಚೆ ರಾಜರ ವಸತಿಯಿದ್ದ ಬಯಲು, ಎರಡರ ನಡುವೆ ಬಾಳೆಯ ಹಸಿರು ಕಣಿವೆ. ಬೆಟ್ಟ ಹತ್ತಿದವರು ಸೂರ್ಯೋದಯದ ಫೋಟೊ ತೆಗೆದು ಇಳಿದುಬಿಡುತ್ತಾರೆ. ಇನ್ನೊಂದು ಗಳಿಗೆ ನಿಂತು, ಬೆಳಕು ಕಣಿವೆಗಿಳಿದ ಮೇಲೆ ಆ ಹಸಿರಿನ ಜಾಡನ್ನು ಕಣ್ಣಿನಲ್ಲೇ ಹಿಂಬಾಲಿಸಿ ನೋಡಿ. ಊರಿನ ನಡುವೆಯೇ ಹೊಲ ಇಟ್ಟುಕೊಂಡಿದ್ದ ಆ ರಾಜಧಾನಿಯ ನಕ್ಷೆ ಪೂರ್ತಿ ಅರ್ಥವಾಗುವುದು ಆಗಲೇ.

ಈ ಕೆಲಸ ಮಾಡಿಸಿದವರು ಯಾರು? ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನ್ಯೂನಿಜ್ 1530ರ ದಶಕದಲ್ಲಿ ಬರೆದ ವೃತ್ತಾಂತದಲ್ಲಿ ಹಳೆಯ ರಾಜನೊಬ್ಬನ ಕಥೆಯಿದೆ. ಆ ರಾಜ ಊರಿಗೆ ನೀರು ತರಬೇಕೆಂದು ಹೊಳೆಗೆ ಭಾರಿ ಕಲ್ಲುಗಳನ್ನು ಹಾಕಿಸಿ ಅಡ್ಡಗಟ್ಟೆ ಮಾಡಿಸಿದ, ಅದರಿಂದ ತೋಟಗಳು ಎದ್ದವು, ಬೊಕ್ಕಸದ ಆದಾಯವೂ ಹೆಚ್ಚಿತು ಎಂದು ಆತ ಬರೆಯುತ್ತಾನೆ. ಆ ವಿವರವನ್ನು ತುರ್ತಾ ಕಾಲುವೆಗೆ ಹೊಂದಿಸಿ ಓದುವ ಇತಿಹಾಸಕಾರರಿದ್ದಾರೆ. ಮುಂದೆ 1521ರ ಹೊತ್ತಿಗೆ ಕೃಷ್ಣದೇವರಾಯ ವಲ್ಲಭಾಪುರ ಮತ್ತು ಕೊರೆಗಲ್ಲು ಒಡ್ಡುಗಳನ್ನು ಕಟ್ಟಿಸಿದ. ಬಸವಣ್ಣ ಕಾಲುವೆಗೆ ನೀರು ಕೊಡುತ್ತಿದ್ದ ವಲ್ಲಭಾಪುರದ ಒಡ್ಡು ಈಗ ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿದೆ.

ಅದೇ ಕೃಷ್ಣದೇವರಾಯನ ಇನ್ನೊಂದು ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹೊಸಪೇಟೆಯ ದಕ್ಷಿಣಕ್ಕೆ, ಎರಡು ಗುಡ್ಡಗಳ ನಡುವೆ ಆತ ಬೃಹತ್ತಾದ ಕೆರೆಯೊಂದನ್ನು ಕಟ್ಟಿಸುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಣ್ಣಾರೆ ಕಂಡು ಬರೆದಿದ್ದಾನೆ. ಹದಿನೈದಿಪ್ಪತ್ತು ಸಾವಿರ ಆಳುಗಳು ದುಡಿಯುತ್ತಿದ್ದರಂತೆ. ಏರಿ ಮತ್ತೆ ಮತ್ತೆ ಒಡೆಯಿತಂತೆ. ಗೋವೆಯಿಂದ ಪೋರ್ಚುಗೀಸ್ ಗಾರೆಯವನೊಬ್ಬನನ್ನೂ ಕರೆಸಿದ್ದರು. ಇಂದು ಆ ರಾಯಕೆರೆಯಲ್ಲಿ ನೀರಿಲ್ಲ, ಏರಿ ಮಾತ್ರ ಉಳಿದಿದೆ. ಈ ಸೀಮೆಯ ಹಳೆಯ ಕೆರೆ, ಕಾಲುವೆ, ಬೇಸಾಯಗಳನ್ನು ದೀರ್ಘಕಾಲ ಅಧ್ಯಯನ ಮಾಡಿ ‘ದರೋಜಿ ವ್ಯಾಲಿ’ ಎಂಬ ಪುಸ್ತಕ ಬರೆದ ಪುರಾತತ್ವಜ್ಞೆ ಕ್ಯಾಥ್ಲೀನ್ ಮಾರಿಸನ್ ಅವರ ಕೆಲಸ ತಿಳಿಸುವುದೂ ಇದನ್ನೇ. ಮಳೆಯನ್ನು ನಂಬಿದ ಕೆರೆಗಳಲ್ಲಿ ಎಷ್ಟೋ ಹೂಳು ತುಂಬಿ, ಒಡೆದು ಹೋದವು. ಬತ್ತದ ಹೊಳೆಗೆ ಜೋಡಿಸಿದ ಕಾಲುವೆಗಳು ಉಳಿದವು. ರಾಜ್ಯ ಹೋದ ಮೇಲೂ ಗದ್ದೆಯವರು ಇದ್ದರು, ಅವರಿಗೆ ನೀರು ಬೇಕಿತ್ತು, ಅವರು ಕಾಲುವೆಯನ್ನು ಬಿಡಲಿಲ್ಲ. ಹೂಳೆತ್ತಿದವರು, ಬಿದ್ದ ಕಲ್ಲನ್ನು ಮತ್ತೆ ಕೂರಿಸಿದವರು ಯಾವ ಶಾಸನದಲ್ಲೂ ಇಲ್ಲ. ಕಟ್ಟಿಸಿದ ರಾಯರಿಗಿಂತ ಕಾಪಾಡಿಕೊಂಡ ರೈತರ ಪಾಲೇ ದೊಡ್ಡದು ಎಂಬುದು ನನ್ನ ನಂಬಿಕೆ.

ಅರಮನೆಯ ಆವರಣದಲ್ಲೂ ನೀರಿನ ಹಾದಿ ಹುಡುಕಬಹುದು. ಕಮಲಾಪುರದ ಕೆರೆಗೆ ನೀರು ಬರುವುದು ರಾಯ ಕಾಲುವೆಯಿಂದ. ಮಹಾನವಮಿ ದಿಬ್ಬದ ಪಕ್ಕದಲ್ಲಿ ಕಲ್ಲಿನ ದೋಣಿಗಳನ್ನು ಸಾಲಾಗಿ ಕಂಬಗಳ ಮೇಲೆ ಜೋಡಿಸಿದ ಮೇಲ್ಗಾಲುವೆ ಇದೆ. ಅದರ ಬಳಿಯ ಮೆಟ್ಟಿಲು ಪುಷ್ಕರಣಿ 1980ರ ದಶಕದ ಉತ್ಖನನದಲ್ಲಿ ಹೊರಬಂದದ್ದು. ಅದರ ಕಪ್ಪು ಕಲ್ಲುಗಳ ಮೇಲೆ, ಯಾವುದು ಎಲ್ಲಿ ಕೂರಬೇಕೆಂದು ಕೆಲಸಗಾರರು ಕೊರೆದ ಗುರುತುಗಳು ಈಗಲೂ ಕಾಣುತ್ತವೆ. ಮಕ್ಕಳನ್ನು ಕರೆದುಕೊಂಡು ಹೋದವರು ಆ ಗುರುತುಗಳನ್ನು ತೋರಿಸಲೇಬೇಕು.

ನೀರಿನ ಕಥೆ ತಿಳಿಯಬೇಕಾದರೆ ತುಂಗಭದ್ರಾ ಅಣೆಕಟ್ಟೆಯನ್ನೂ ನೋಡಬೇಕು. 1945ರಲ್ಲಿ ಕೆಲಸ ಶುರುವಾಗಿ 1953ರಲ್ಲಿ ನೀರು ಹರಿದ ಈ ಕಲ್ಲುಕಟ್ಟಡದ ಅಣೆಕಟ್ಟೆಯನ್ನು ಆರಂಭಿಸಿದ್ದು ಒಂದು ದಂಡೆಯಲ್ಲಿ ಮದರಾಸು ಸರ್ಕಾರ, ಇನ್ನೊಂದು ದಂಡೆಯಲ್ಲಿ ಹೈದರಾಬಾದ್ ಸರ್ಕಾರ. ಕೆಳಗಿನ ಉದ್ಯಾನ, ಸಂಜೆಯ ಸಂಗೀತ ಕಾರಂಜಿ ಮಕ್ಕಳಿಗೆ ಇಷ್ಟವಾಗುತ್ತವೆ. ಒಂದು ಸಂಜೆಗೆ ಅಷ್ಟು ಸಾಕು. ರಾಯ, ಬಸವಣ್ಣ ಕಾಲುವೆಗಳಿಗೆ ಈಗ ಜಲಾಶಯದಿಂದಲೇ ನೀರು. ಕೆಳಗಿನ ತುರ್ತಾ ಮೊದಲಾದವೂ ಇಲ್ಲಿಂದ ಹೊಳೆಗೆ ಬಿಟ್ಟ ನೀರನ್ನೇ ಕಾಯಬೇಕು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದಾಗ ಇಡೀ ಸೀಮೆ ಉಸಿರು ಬಿಗಿಹಿಡಿದಿತ್ತು. ಅನುಭವಿ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ತಡೆಗೋಡೆಯ ತುಂಡುಗಳನ್ನು ಒಂದೊಂದಾಗಿ ಇಳಿಸಿ ನೀರು ನಿಲ್ಲಿಸಿದರು. ಗೇಟೇ ಇಲ್ಲದ ಹಳೆಯ ಒಡ್ಡುಗಳೂ ಇಂದು ಈ ಗೇಟುಗಳ ಯೋಗಕ್ಷೇಮವನ್ನೇ ನೆಚ್ಚಿಕೊಂಡಿವೆ ಎನ್ನುವುದು ಆ ವಾರ ಎಲ್ಲರಿಗೂ ಮನವರಿಕೆಯಾಯಿತು.

ಕಾಲುವೆಯ ಹಸಿರು ಮುಗಿದಲ್ಲಿ ಕುರುಚಲು ಕಾಡು ಶುರುವಾಗುತ್ತದೆ. ಹಂಪಿಯಿಂದ ಸುಮಾರು 15 ಕಿಲೋಮೀಟರ್ ದೂರದ ದರೋಜಿ ಕರಡಿಧಾಮಕ್ಕೆ ಹೋದರೆ, ನೀರು ತಲುಪದಿದ್ದರೆ ಈ ಸೀಮೆ ಹೇಗಿರುತ್ತದೆ ಎಂದು ಗೊತ್ತಾಗುತ್ತದೆ. ಅದರಲ್ಲೂ ಒಂದು ಚೆಲುವಿದೆ. ಸೀತಾಫಲ, ಬಾರೆ, ಕಾರೆ ಗಿಡಗಳು. ಕೆಂಪು ಬೂದು ಬಂಡೆಗಳ ರಾಶಿ. ಬಂಡೆಗಳ ಅಡಿಯಲ್ಲಿ ತಂಪಾದ ಗವಿಗಳು. ಕರಡಿಗೆ ಬೇಕಾದ ಮನೆ ಇದೇ. 1994ರಲ್ಲಿ ಕರಡಿಗಳಿಗೆಂದೇ ಘೋಷಣೆಯಾದ ಈ ಅಭಯಾರಣ್ಯ ಈಗ 82 ಚದರ ಕಿಲೋಮೀಟರ್‌ಗೂ ಹೆಚ್ಚು ವಿಸ್ತಾರವಾಗಿದೆ. ಮಧ್ಯಾಹ್ನದ ಮೇಲೆ ಅರಣ್ಯ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿಯುತ್ತಾರೆ. ಬಿಸಿಲು ಇಳಿಯುವ ಹೊತ್ತಿಗೆ ಕರಡಿಗಳು ಒಂದೊಂದಾಗಿ ಇಳಿದು ಬರುತ್ತವೆ, ಕೆಲವೊಮ್ಮೆ ಮರಿಗಳನ್ನು ಬೆನ್ನ ಮೇಲೆ ಹೊತ್ತುಕೊಂಡು. ವೀಕ್ಷಣಾ ಗೋಪುರದಲ್ಲಿ ಮಾತಾಡದೆ ಕುಳಿತರೆ ನವಿಲು, ಕಾಡುಹಂದಿ, ಮುಂಗುಸಿಗಳೂ ಕಾಣುತ್ತವೆ. ಬೇರೆಡೆ ಅಪರೂಪವಾದ ಹಳದಿ ಕೊರಳಿನ ಪಿಕಳಾರವನ್ನು ನೋಡಲು ಪಕ್ಷಿಪ್ರಿಯರು ದೂರದಿಂದ ಇಲ್ಲಿಗೆ ಬರುತ್ತಾರೆ. ದುರ್ಬೀನು ಇದ್ದರೆ ಒಯ್ಯಿರಿ, ಕರಡಿಗಳು ದೂರದಲ್ಲೇ ಇರುತ್ತವೆ. ಕಮಲಾಪುರದ ಬಳಿ 2017ರಿಂದ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿ ಸಂಗ್ರಹಾಲಯವೂ ಇದೆ. ಆದರೆ ಆಯ್ಕೆ ಮಾಡಲೇಬೇಕಾದರೆ ಗೋಪುರದ ಮೇಲಿನ ಕಾಯುವಿಕೆಯನ್ನೇ ನಾನು ಆರಿಸಿಕೊಳ್ಳುವೆ.

ಕಾಡಿನ ಕರಡಿಗೂ ಕಾಲುವೆಯ ಬೆಳೆಗೂ ನಂಟಿದೆ, ಅದು ಸುಖದ ನಂಟಲ್ಲ. ಹಣ್ಣು ಸಿಗದ ಕಾಲದಲ್ಲಿ ಕರಡಿಗಳು ಗವಿ ಬಿಟ್ಟು ಹೊಲಗಳಿಗೆ ಇಳಿಯುತ್ತವೆ. ರಾತ್ರಿ ನೀರು ಹಾಯಿಸಲು ಹೋಗುವ ರೈತನಿಗೆ ಅದು ಜೀವಭಯ. ಸುತ್ತಲಿನ ಗುಡ್ಡಗಳಲ್ಲಿ ಕಲ್ಲು ಒಡೆಯುವುದು, ಗಣಿಗಾರಿಕೆ ಹೆಚ್ಚಿದಷ್ಟೂ ಕರಡಿ ಹೊಲದ ಕಡೆ ಸರಿಯುತ್ತದೆ. ಕರಡಿಯನ್ನು ನೋಡಿ ಸಂತೋಷಪಡುವ ನಾವು, ಆ ಸಂತೋಷದ ಬೆಲೆ ತೆರುತ್ತಿರುವ ಊರಿನವರನ್ನು ಮರೆಯಬಾರದು. ಹೊಳೆಯಲ್ಲೂ ಇಂಥದೇ ಸ್ಥಿತಿ. ತುಂಗಭದ್ರೆಯ ಸುಮಾರು 34 ಕಿಲೋಮೀಟರ್ ಉದ್ದದ ಹರಿವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ನೀರುನಾಯಿಗೆ ಬೇಕಾದದ್ದು ಬಂಡೆಯ ಸಂದಿ, ಮೀನು, ಕೊಳೆಯಾಗದ ನೀರು. ಘೋಷಣೆಯೊಂದರಿಂದಲೇ ಇವು ಉಳಿಯುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ವಿಜಯನಗರ ಕಾಲುವೆಗಳ ಆಧುನೀಕರಣ ನಡೆದಿದೆ. ಕೊನೆಯ ಭಾಗದ ರೈತರ ಗದ್ದೆಗೆ ನೀರು ಮುಟ್ಟಬೇಕು, ಸೋರಿಕೆ ನಿಲ್ಲಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯ ಕಲ್ಲುಕಟ್ಟನ್ನು ಕಾಂಕ್ರೀಟಿನಿಂದ ಮುಚ್ಚುವುದೊಂದೇ ದಾರಿಯೆಂದು ನನಗೆ ಅನ್ನಿಸುವುದಿಲ್ಲ. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ‘ಹಂಪಿ ಸ್ಮಾರಕಗಳ ಸಮೂಹ’. ಕಲ್ಲಿನ ರಥದ ಒಂದು ಚೂರು ಕಿತ್ತರೆ ನಾಡೇ ಎದ್ದು ಕೂಗುತ್ತದೆ. ಕಾಲುವೆಯ ಕಲ್ಲು ಕಿತ್ತರೆ ಯಾರೂ ಕೇಳುವುದಿಲ್ಲ. ದುರಸ್ತಿ ಮಾಡುವ ಪ್ರತಿ ತುಂಡಿಗೂ ಪುರಾತತ್ವ ಬಲ್ಲವರೂ ಆ ಕಾಲುವೆಯ ರೈತರೂ ಒಟ್ಟಿಗೆ ಕೂತು, ಯಾವ ಕಲ್ಲು ಉಳಿಯಬೇಕೆಂದು ತೀರ್ಮಾನಿಸುವ ಪದ್ಧತಿ ಬರಬೇಕು.

ಪ್ರವಾಸಿಗರಾಗಿ ನಾವು ಮಾಡಬಹುದಾದದ್ದೂ ಇದೆ. ಮುಂದಿನ ಸಲ ಹಂಪಿಗೆ ಹೋದಾಗ ಅರ್ಧ ದಿನವನ್ನು ಕಾಲುವೆಗೆಂದೇ ಎತ್ತಿಡಿ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳು ಒಳ್ಳೆಯವು, ಬಿಸಿಲಿನ ಕಾಟ ಕಡಿಮೆ. ಕೃಷ್ಣ ದೇವಾಲಯದ ಎದುರಿನ ಪೇಟೆಯ ಆಚೆಗೆ ಬಾಳೆ ತೋಟಗಳ ನಡುವಿನ ಕಾಲುದಾರಿಯಲ್ಲಿ ನಡೆಯಿರಿ. ತೋಟದವರು ಕಂಡರೆ ಕೇಳಿಕೊಂಡೇ ಮುಂದೆ ಹೋಗಿ. ದಾರಿಬದಿಯಲ್ಲಿ ಮಾರುವ ಸುಗಂಧಿ ಬಾಳೆ ಕೊಂಡು ತಿನ್ನಿ, ಈ ನೀರಿನಲ್ಲೇ ಬೆಳೆದ ಹಣ್ಣು ಅದು. ಕಾಲುವೆಗೆ ಸೋಪು, ಶಾಂಪೂ, ಪ್ಲಾಸ್ಟಿಕ್ ಬಾಟಲಿ ಬೀಳದಂತೆ ನೋಡಿಕೊಳ್ಳಿ. ಈ ನೀರು ಇಲ್ಲಿಂದ ಹೋಗಿ ನಿಲ್ಲುವುದು ಯಾರದೋ ಗದ್ದೆಯಲ್ಲಿ.