ತಾನಾಗಿಯೇ ರೀಸ್ಟಾರ್ಟ್ ಆಗುವ ಹಳೆಯ ಕಂಪ್ಯೂಟರ್

ಮನೆಯ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಕೆಲಸದ ನಡುವೆ ಇದ್ದಕ್ಕಿದ್ದಂತೆ ನಿಂತು ಮತ್ತೆ ಶುರುವಾಗುತ್ತಿದ್ದರೆ ದೋಷ ಹೆಚ್ಚಾಗಿ ವಿದ್ಯುತ್ ಪೂರೈಕೆಯಲ್ಲೋ, ಬಿಸಿಯಲ್ಲೋ, ರ‍್ಯಾಮ್‌ನಲ್ಲೋ, ತಂತ್ರಾಂಶದಲ್ಲೋ ಇರುತ್ತದೆ. ರಿಪೇರಿಗೆ ಒಯ್ದಾಗ ಬಹಳ ಸಲ ಮೊದಲು ನಡೆಯುವುದು ‘ಫಾರ್ಮ್ಯಾಟ್’. ದೋಷ ಯಂತ್ರದ ಬಿಡಿಭಾಗದಲ್ಲಿದ್ದರೆ ವಿಂಡೋಸ್ ಅಳಿಸಿ ಹೊಸದಾಗಿ ಹಾಕುವುದರಿಂದ ಏನೂ ಸರಿಹೋಗದು. ಫೋಟೊ, ಕಡತಗಳು ಕಳೆದುಹೋಗುವ ಅಪಾಯ ಮಾತ್ರ ಉಳಿಯುತ್ತದೆ. ಹಾಗಾಗಿ ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿಟ್ಟು, ದೋಷ ಎಲ್ಲಿದೆ ಎಂದು ಗೊತ್ತಾದ ಮೇಲಷ್ಟೇ ಯಾವುದನ್ನಾದರೂ ಬದಲಿಸಬೇಕು.

ಒಳಗೆ ಗಂಭೀರ ತಪ್ಪು ಎದುರಾದಾಗ ವಿಂಡೋಸ್ ನೀಲಿ ಪರದೆ ತೋರಿಸಿ ತಾನೇ ರೀಸ್ಟಾರ್ಟ್ ಮಾಡುತ್ತದೆ. ಹಲವು ಸಲ ಆ ಪರದೆ ಓದುವಷ್ಟು ಹೊತ್ತೂ ನಿಲ್ಲುವುದಿಲ್ಲ. ಸಿಸ್ಟಂ ಪ್ರಾಪರ್ಟೀಸ್‌ನ ‘ಅಡ್ವಾನ್ಸ್ಡ್’ ಪುಟದಲ್ಲಿ ‘ಸ್ಟಾರ್ಟಪ್ ಆ್ಯಂಡ್ ರಿಕವರಿ’ ತೆರೆದು ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎದುರಿನ ಟಿಕ್ ತೆಗೆದರೆ ನೀಲಿ ಪರದೆ ನಿಂತಲ್ಲೇ ನಿಲ್ಲುತ್ತದೆ. ಅದರಲ್ಲಿನ ಸಂಕೇತವನ್ನು ಬರೆದಿಟ್ಟುಕೊಳ್ಳಬಹುದು. ಆಮೇಲೂ ನೀಲಿ ಪರದೆ ಕಾಣದೆ ಯಂತ್ರ ಥಟ್ಟನೆ ಆರಿದರೆ ಅನುಮಾನ ವಿದ್ಯುತ್ತಿನ ಕಡೆಗೆ ತಿರುಗಬೇಕು.

ವಿಂಡೋಸ್‌ನ ‘ಈವೆಂಟ್ ವ್ಯೂವರ್’ ಕೂಡ ಸುಳಿವು ಕೊಡುತ್ತದೆ. ಅಲ್ಲಿ 1074 ಎಂಬ ಸಂಖ್ಯೆ ಇದ್ದರೆ ಯಾವುದೋ ಪ್ರೋಗ್ರಾಂ ಅಥವಾ ಅಪ್‌ಡೇಟ್ ಕ್ರಮಬದ್ಧವಾಗಿಯೇ ರೀಸ್ಟಾರ್ಟ್ ಮಾಡಿಸಿದೆ ಎಂದರ್ಥ. ಯಂತ್ರಕ್ಕೆ ಏನೂ ಆಗಿಲ್ಲ. ‘ಕರ್ನಲ್ ಪವರ್’ ಹೆಸರಿನ 41ನೇ ಸಂಖ್ಯೆ ಅನೇಕರನ್ನು ದಾರಿ ತಪ್ಪಿಸುತ್ತದೆ. ಹಿಂದಿನ ಸಲ ಯಂತ್ರ ಸರಿಯಾಗಿ ಮುಚ್ಚಲಿಲ್ಲ ಎಂಬುದನ್ನಷ್ಟೇ ಅದು ಹೇಳುತ್ತದೆ, ಏಕೆ ಎಂಬುದನ್ನಲ್ಲ. ವೈರಸ್‌ನಿಂದಲೂ ಯಂತ್ರ ರೀಸ್ಟಾರ್ಟ್ ಆಗುವುದುಂಟು. 2003ರ ಆಗಸ್ಟ್‌ನಲ್ಲಿ ಹರಡಿದ ಬ್ಲಾಸ್ಟರ್ ಎಂಬ ವರ್ಮ್ 60 ಸೆಕೆಂಡುಗಳ ಎಣಿಕೆ ತೋರಿಸಿ ವಿಂಡೋಸ್ ಎಕ್ಸ್‌ಪಿ ಯಂತ್ರಗಳನ್ನು ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿಸುತ್ತಿತ್ತು.

ತಂತ್ರಾಂಶವೋ ಯಂತ್ರವೋ ಎಂದು ಬೇರ್ಪಡಿಸಲು ಖರ್ಚಿಲ್ಲದ ಉಪಾಯವೊಂದಿದೆ. ಕಂಪ್ಯೂಟರ್ ಆನ್ ಮಾಡಿ ಬಯಾಸ್ ಪರದೆಗೆ ಹೋಗಿ ಒಂದು ಗಂಟೆ ಹಾಗೆಯೇ ಬಿಡಬೇಕು. ಅಲ್ಲಿ ವಿಂಡೋಸ್ ಇನ್ನೂ ಶುರುವೇ ಆಗಿರುವುದಿಲ್ಲ. ಅಲ್ಲೂ ರೀಸ್ಟಾರ್ಟ್ ಆದರೆ ವಿಂಡೋಸ್ ತಪ್ಪಲ್ಲ ಎಂಬುದು ಖಚಿತ. ಆಗದಿದ್ದರೆ ಮಾತ್ರ ಯಂತ್ರ ಸರಿಯಿದೆ ಎಂದು ತೀರ್ಮಾನಿಸುವಂತಿಲ್ಲ, ಏಕೆಂದರೆ ಬಯಾಸ್‌ನಲ್ಲಿ ಯಂತ್ರಕ್ಕೆ ಹೆಚ್ಚು ಕೆಲಸವಿರುವುದಿಲ್ಲ. ಪೆನ್‌ಡ್ರೈವ್‌ನಿಂದ ಲಿನಕ್ಸ್ ನಡೆಸಿ ವಿಡಿಯೊ ಹಾಕಿ ನೋಡುವುದು ಇನ್ನೂ ಗಟ್ಟಿಯಾದ ಪರೀಕ್ಷೆ.

ಬಿಸಿಯ ಲಕ್ಷಣ ಬೇರೆ. ಆನ್ ಮಾಡಿದ ಸ್ವಲ್ಪ ಹೊತ್ತು ಎಲ್ಲ ಸರಿಯಿದ್ದು, ಗೇಮ್ ಆಡುವಾಗಲೋ ವಿಡಿಯೊ ನೋಡುವಾಗಲೋ ಯಂತ್ರ ನಿಲ್ಲುತ್ತದೆ. ಪ್ರೊಸೆಸರ್ ತನ್ನ ಮಿತಿ ತಲುಪಿದಾಗ ಮೊದಲು ವೇಗ ತಗ್ಗಿಸುತ್ತದೆ; ಆಮೇಲೂ ಬಿಸಿ ಏರಿದರೆ ವಿದ್ಯುತ್ತನ್ನೇ ಕಡಿಯಿಸುತ್ತದೆ. ಅನೇಕ ಪ್ರೊಸೆಸರ್‌ಗಳಿಗೆ ಈ ಮಿತಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಹೀಗೆ ನಿಂತ ಯಂತ್ರ ಹೆಚ್ಚಾಗಿ ಆರಿಯೇ ಇರುತ್ತದೆ, ಕೂಡಲೇ ತಾನಾಗಿ ಶುರುವಾಗುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಈ ತೊಂದರೆ ಹೆಚ್ಚು. ಪ್ಲಗ್ ಕಿತ್ತು, ಪಕ್ಕದ ತಗಡು ತೆಗೆದು, ಹೀಟ್‌ಸಿಂಕ್‌ನ ಸಂದುಗಳಲ್ಲಿ ಕೂತ ದೂಳನ್ನು ಮೆತ್ತನೆಯ ಬ್ರಷ್ಷಿನಿಂದಲೂ ಬ್ಲೋವರ್‌ನಿಂದಲೂ ತೆಗೆಯಬೇಕು. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದಿರಬೇಕು. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಕೆಲವು ವರ್ಷಗಳಲ್ಲಿ ಒಣಗಿ ಬಿರುಕು ಬಿಡುತ್ತದೆ. ಅದನ್ನು ಒರೆಸಿ ಹೊಸದು ಹಾಕಿದರೆ ತಾಪ ಇಳಿಯುತ್ತದೆ.

ಹಳೆಯ ಯಂತ್ರಗಳಲ್ಲಿ ಮುಖ್ಯ ಅನುಮಾನ ಬೀಳಬೇಕಾದದ್ದು ಎಸ್‌ಎಂಪಿಎಸ್ ಮೇಲೆ. ಗೋಡೆಯಿಂದ ಬರುವ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳಾಗಿ ಮಾರ್ಪಡಿಸುವ ಪೆಟ್ಟಿಗೆ ಅದು. ವೋಲ್ಟೇಜ್ ಸರಿಯಿದೆ ಎಂಬ ಸಂದೇಶವೊಂದನ್ನು ಅದು ಮದರ್‌ಬೋರ್ಡಿಗೆ ಸದಾ ಕಳುಹಿಸುತ್ತಿರುತ್ತದೆ. ಆ ಸಂದೇಶ ಕ್ಷಣಕಾಲ ತಪ್ಪಿದರೂ ಬೋರ್ಡ್ ರೀಸೆಟ್ ಆಗುತ್ತದೆ. ಒಳಗಿನ ಕೆಪಾಸಿಟರ್‌ಗಳು ಕಾಲಕ್ರಮದಲ್ಲಿ ಒಣಗುತ್ತವೆ. ತಾಪ 10 ಡಿಗ್ರಿ ಏರಿದಂತೆಲ್ಲ ಅವುಗಳ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಹೊಸತರಲ್ಲಿ ಈ ಕೆಪಾಸಿಟರ್‌ಗಳು ಹತ್ತು ಹದಿನೈದು ಮಿಲಿಸೆಕೆಂಡುಗಳ ವಿದ್ಯುತ್ ಕಡಿತವನ್ನು ತಾಳಿಕೊಳ್ಳುತ್ತವೆ, ಹಳತಾದ ಮೇಲೆ ಆ ಕಸುವು ಇರುವುದಿಲ್ಲ. ಬೋರ್‌ವೆಲ್ ಪಂಪು ಅಥವಾ ಮಿಕ್ಸಿ ಶುರುವಾದಾಗ ದೀಪ ಒಮ್ಮೆ ಮಂಕಾಗಿ, ಅದೇ ಗಳಿಗೆಯಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗುವುದರ ಮರ್ಮ ಇಲ್ಲಿದೆ.

ಎಸ್‌ಎಂಪಿಎಸ್ ಬದಲಿಸುವ ಮೊದಲು ಹೊರಗಿನದನ್ನು ನೋಡಬೇಕು. ಸಡಿಲವಾದ ಪವರ್ ಕೇಬಲ್, ಸುಟ್ಟ ಎಕ್ಸ್‌ಟೆನ್ಷನ್ ಬೋರ್ಡ್, ಅರ್ಥಿಂಗ್ ಇಲ್ಲದ ಪ್ಲಗ್ ಇವೆಲ್ಲ ಇದೇ ಲಕ್ಷಣ ತೋರಿಸುತ್ತವೆ. ಯುಪಿಎಸ್‌ನ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೋಲುತ್ತದೆ. ಕರೆಂಟು ಮಿನುಗಿದಾಗ ಹೊರೆ ಹೊರಲಾರದೆ ಯುಪಿಎಸ್ಸೇ ಆರುತ್ತದೆ. ಕೆಲವು ದಿನ ಯುಪಿಎಸ್ ಬಿಟ್ಟು ನೇರವಾಗಿ ಬೇರೆ ಪ್ಲಗ್ಗಿಗೆ ಹಾಕಿ ನೋಡಿದರೆ ಇದು ತಿಳಿಯುತ್ತದೆ. ಮಲ್ಟಿಮೀಟರ್ ಇದ್ದವರು ಹಳದಿ ತಂತಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಇದೆಯೇ ಎಂದು ಅಳೆಯಬಹುದು. ಆದರೆ ಕ್ಷಣಮಾತ್ರದ ಕುಸಿತ ಮೀಟರಿನಲ್ಲಿ ಕಾಣದು. ಪಕ್ಕದ ಮನೆಯವರದೋ ಅಂಗಡಿಯದೋ, ಸರಿಯಾಗಿರುವ ಎಸ್‌ಎಂಪಿಎಸ್ ಹಾಕಿ ಕೆಲವು ದಿನ ನಡೆಸುವುದೇ ನಂಬಬಹುದಾದ ಪರೀಕ್ಷೆ. ಈ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಲೇಬಾರದು: ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು.

ರ‍್ಯಾಮ್ ಕಡ್ಡಿಗಳನ್ನು ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒರೆಸಿ ಮತ್ತೆ ಕೂರಿಸಿದರೆ ಎಷ್ಟೋ ಯಂತ್ರಗಳು ಸರಿಹೋಗುತ್ತವೆ. ಸರಿಹೋಗದಿದ್ದರೆ ಮೆಮ್‌ಟೆಸ್ಟ್86 ತಂತ್ರಾಂಶವನ್ನು ರಾತ್ರಿಯಿಡೀ ನಡೆಸಬೇಕು. ಒಂದೇ ಒಂದು ತಪ್ಪು ಬಂದರೂ, ಒಂದೊಂದೇ ಕಡ್ಡಿ ಹಾಕಿ ಕೆಟ್ಟದ್ದನ್ನು ಹುಡುಕಿ ತೆಗೆಯಬೇಕು. ಮುಂಭಾಗದ ರೀಸೆಟ್ ಗುಂಡಿ ಒಳಗೇ ಸಿಕ್ಕಿಕೊಂಡು ತೊಂದರೆ ಕೊಡುವುದೂ ಉಂಟು. ಅದರ ತಂತಿಯನ್ನು ಬೋರ್ಡಿನಿಂದ ಕಳಚಿ ನೋಡಿದರೆ ಸಾಕು.

ಇಷ್ಟರಿಂದಲೂ ಗುಣವಾಗದಿದ್ದರೆ ಉಳಿಯುವುದು ಮದರ್‌ಬೋರ್ಡ್. ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಅಥವಾ ಕಂದು ದ್ರವ ಸೋರಿದ್ದರೆ ಕಾರಣ ಕಣ್ಣಿಗೇ ಕಾಣುತ್ತದೆ. ಬೆಸುಗೆ ಬಲ್ಲ ತಂತ್ರಜ್ಞರು ಅವನ್ನು ಬದಲಿಸಿ ಕೊಡಬಲ್ಲರು. ಹಳೆಯ ಮಾದರಿಯ ಬೋರ್ಡ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸೆಕೆಂಡ್‌ಹ್ಯಾಂಡ್ ಸಿಗುತ್ತವಾದರೂ ಅದಕ್ಕೆ ಹೆಚ್ಚು ಹಣ ಹಾಕುವುದು ಜಾಣತನವಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇಲ್ಲವೇ ಅದಕ್ಕೆ ಸಮನಾದ ಎಎಂಡಿ ಪ್ರೊಸೆಸರ್ ಬೇಕು. ಹಳೆಯ ಬೋರ್ಡನ್ನು ಬಿಟ್ಟುಕೊಟ್ಟರೂ ಹಾರ್ಡ್‌ಡಿಸ್ಕನ್ನು ಬಿಡಬೇಕಿಲ್ಲ. ಅದನ್ನು ಯುಎಸ್‌ಬಿ ಕೇಸ್‌ನಲ್ಲಿ ಹಾಕಿದರೆ ಕಡತಗಳನ್ನು ಬೇರೆ ಯಾವುದೇ ಕಂಪ್ಯೂಟರಿನಲ್ಲಿ ತೆರೆಯಬಹುದು.