ತೊಗಟೆ ಸುಲಿದದ್ದು ಯಾವ ಪ್ರಾಣಿ? ಗುರುತು ನೋಡಿ ತಿಳಿಯಿರಿ



ಹಾನಗಲ್ಲ ತಾಲ್ಲೂಕಿನ ಪಶ್ಚಿಮ ಮತ್ತು ದಕ್ಷಿಣದ ಸೆರಗು ಅರೆಮಲೆನಾಡು. ಒಂದು ಕಡೆ ಮುಂಡಗೋಡ, ಶಿರಸಿ, ಇನ್ನೊಂದು ಕಡೆ ಸೊರಬ. ತಿಳವಳ್ಳಿ ಸುತ್ತಿನ ದನಕರುಗಳಿಗೂ ಕಾಡಂಚಿಗೂ ಹಳೆಯ ನಂಟು. ಇಂಥ ಕಡೆ ಮತ್ತಿ, ಹೊನ್ನೆ, ಸಾಗವಾನಿ ಮರಗಳ ತೊಗಟೆ ಸುಲಿದದ್ದು ಕಂಡಾಗ "ದನ ಬಿಟ್ಟವರದೇ ಕೆಲಸ" ಎಂದು ಒಬ್ಬರು, "ಕಾಡುಪ್ರಾಣಿಗಳದು" ಎಂದು ಇನ್ನೊಬ್ಬರು ಹೇಳುವುದು ಸುಲಭ. ಆದರೆ ಮರದ ಮೇಲಿನ ಗುರುತನ್ನು ಓದಲು ಬಂದರೆ ಉತ್ತರ ಅಲ್ಲಿಯೇ ಸಿಗುತ್ತದೆ. ಸುಲಿದದ್ದು ನಮ್ಮ ದನವೇ ಆಗಿದ್ದರೆ, ಅದು ಕೊಟ್ಟಿಗೆಯಲ್ಲಿರುವ ಕೊರತೆಯ ಮುನ್ಸೂಚನೆಯೂ ಹೌದು.

ತೊಗಟೆ ಹೋದರೆ ಮರ ಏಕೆ ಸಾಯುತ್ತದೆ?

ಎಲೆಗಳು ತಯಾರಿಸಿದ ಆಹಾರ ಒಳತೊಗಟೆಯ ಮೂಲಕ ಬೇರಿಗೆ ಇಳಿಯುತ್ತದೆ. ಒಂದು ಪಕ್ಕದ ತೊಗಟೆ ಹೋದರೆ ಮರ ಗಾಯ ಮಾಯಿಸಿಕೊಳ್ಳಬಲ್ಲದು. ಸುತ್ತಲೂ ಬಳೆಯಂತೆ ಸುಲಿದರೆ ಬೇರಿಗೆ ಆಹಾರ ನಿಂತು ಮರ ನಿಧಾನವಾಗಿ ಒಣಗುತ್ತದೆ. ತೆರೆದ ಗಾಯದ ಮೂಲಕ ಶಿಲೀಂಧ್ರ, ಗೆದ್ದಲು ಒಳಹೊಗುತ್ತವೆ.

ಗುರುತುಗಳು

ಮೊದಲು ಗಾಯದ ಎತ್ತರ, ನಂತರ ಹಲ್ಲಿನ ಗೀರು, ಕೊನೆಗೆ ಬುಡದಲ್ಲಿ ಬಿದ್ದ ಹೆಜ್ಜೆ, ಹಿಕ್ಕೆ, ಕೂದಲು ನೋಡಬೇಕು.

ಮುಳ್ಳುಹಂದಿ: ಗಾಯ ಬುಡದಲ್ಲಿ, ಹೆಚ್ಚೆಂದರೆ 2 ಅಡಿಯೊಳಗೆ. ನೆಲದಿಂದ ಮೇಲೆದ್ದ ಬೇರನ್ನೂ ಬಿಡುವುದಿಲ್ಲ. ಉಳಿಯಿಂದ ಕೆತ್ತಿದಂತೆ ಚಪ್ಪಟೆ ಗೀರುಗಳು ಜೋಡಿ ಜೋಡಿಯಾಗಿ ಕಾಣುತ್ತವೆ. ಇದು ರಾತ್ರಿ ಬರುವ ಪ್ರಾಣಿ. ಹತ್ತಿರದಲ್ಲಿ ಮುಳ್ಳು ಬಿದ್ದಿದ್ದರೆ ಸಂಶಯವೇ ಇಲ್ಲ. ಇಲಿಗಳ ಗೀರೂ ಹೀಗೆಯೇ ಇರುತ್ತದೆ, ಆದರೆ ಬಹಳ ಸಣ್ಣದು.

ಕಡವೆ, ಜಿಂಕೆ, ಕಾಡುಕೋಣ: ಮೆಲುಕು ಹಾಕುವ ಈ ಪ್ರಾಣಿಗಳಿಗೆ ಮೇಲ್ದವಡೆಯ ಮುಂದೆ ಹಲ್ಲಿಲ್ಲ. ಕೆಳಹಲ್ಲನ್ನು ತೊಗಟೆಗೆ ಊರಿ ಮೇಲಕ್ಕೆ ಎಳೆಯುತ್ತವೆ. ಆದ್ದರಿಂದ ಗೀರು ಉದ್ದುದ್ದವಾಗಿದ್ದು, ಸುಲಿದ ಪಟ್ಟಿಯ ಮೇಲ್ತುದಿ ಹರಿದು ನಾರುನಾರಾಗಿರುತ್ತದೆ. ಜಿಂಕೆಯ ಗಾಯ ತಗ್ಗಿನಲ್ಲಿ, ಕಾಡುಕೋಣದ್ದು ಆಳೆತ್ತರದವರೆಗೂ ಇರಬಹುದು.

ಕೋಡು ಉಜ್ಜಿದ ಗುರುತು: ಗಂಡು ಕಡವೆ, ಜಿಂಕೆಗಳು ಎಳೆಯ ಮರಗಳಿಗೆ ಕೋಡು ತಿಕ್ಕುತ್ತವೆ. ತೊಗಟೆ ಚಿಂದಿಯಾಗಿ ಜೋತಾಡುತ್ತದೆ, ಹಲ್ಲಿನ ಗೀರು ಇರುವುದಿಲ್ಲ, ತಿಂದ ಗುರುತೂ ಇರುವುದಿಲ್ಲ.

ಆನೆ: ಮುಂಡಗೋಡ ಕಡೆಯ ಕಾಡಿನಿಂದ ಆನೆಗಳು ನಮ್ಮ ತಾಲ್ಲೂಕಿನ ಹೊಲಗಳಿಗೂ ಇಳಿದದ್ದುಂಟು. ದಂತದಿಂದ ತಿವಿದ ಆಳವಾದ ಗಾಯ, ಮನುಷ್ಯನ ಕೈಗೆ ಎಟುಕದ ಎತ್ತರದವರೆಗೆ ಎಳೆದ ಉದ್ದನೆಯ ಪಟ್ಟಿ, ಮುರಿದ ಕೊಂಬೆ, ಲದ್ದಿ ಇದರ ಗುರುತು. ಮುದುಮಲೈ ಕಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ಪ್ರದೇಶ ಗುರುತಿಸಿ ಮರಗಳನ್ನು ಎಣಿಸುತ್ತ ಬಂದರು. ಆನೆಗಳ ಮೇವಿಗೆ ಸಿಕ್ಕ ಬೆಂಡೆ ಜಾತಿಯ ಕಾಡುಮರ ಅಲ್ಲಿ ಬಹಳಷ್ಟು ಕಡಿಮೆಯಾದದ್ದು ಈ ಎಣಿಕೆಯಿಂದ ತಿಳಿಯಿತು.

ಕರಡಿ: ಜೇನಿಗೆ ಹತ್ತುವಾಗ ಉಗುರಿನ ಗೀರು ಮೂಡುತ್ತದೆ. ಸಾಲು ಗೀರುಗಳಷ್ಟೇ, ತೊಗಟೆ ತಿಂದಿರುವುದಿಲ್ಲ.

ಮಂಗ, ಅಳಿಲು: ಗಾಯ ಮೇಲಿನ ಕೊಂಬೆಗಳಲ್ಲಿ. ಬುಡದಲ್ಲಿ ತೊಗಟೆಯ ಚೂರು ಉದುರಿರುತ್ತವೆ.

ಮನುಷ್ಯ: ಗಾಯದ ಅಂಚು ನೇರ, ಕುಡುಗೋಲು ಅಥವಾ ಕೊಡಲಿಯ ಏಟು ಸ್ಪಷ್ಟ.

ನಮ್ಮ ದನವೇ ಸುಲಿದಿದ್ದರೆ

ಆಕಳು, ಎಮ್ಮೆ, ಆಡುಗಳಿಗೂ ಮೇಲಿನ ಮುಂಹಲ್ಲಿಲ್ಲ. ಹೀಗಾಗಿ ಅವುಗಳ ಗೀರು ಜಿಂಕೆ, ಕಾಡುಕೋಣದ ಗೀರಿನಂತೆಯೇ ಕಾಣುತ್ತದೆ. ಹೆಜ್ಜೆ, ಸಗಣಿ, ಹಿಕ್ಕೆ ನೋಡಿಯೇ ತೀರ್ಮಾನಿಸಬೇಕು. ಆಡು ಹಿಂಗಾಲ ಮೇಲೆ ನಿಂತು ಮೇಯುವುದರಿಂದ ಗಾಯದ ಎತ್ತರ ನೋಡಿ ಮೋಸಹೋಗಬಾರದು.

ಹೊಟ್ಟೆ ತುಂಬ ಮೇವಿದ್ದೂ ದನ ತೊಗಟೆ, ಮಣ್ಣು, ಎಲುಬು, ಬಟ್ಟೆ ಅಗಿಯುತ್ತಿದ್ದರೆ ಅದು ಚಟವಲ್ಲ. ಹೆಚ್ಚಾಗಿ ರಂಜಕ ಮತ್ತಿತರ ಖನಿಜಗಳ ಕೊರತೆ, ಇಲ್ಲವೇ ಜಂತುಬಾಧೆ ಇದಕ್ಕೆ ಕಾರಣ. ನಮ್ಮ ಭಾಗದಲ್ಲಿ ಮುಖ್ಯ ಮೇವಾದ ಭತ್ತದ ಹುಲ್ಲಿನಲ್ಲಿ ರಂಜಕ ಬಹಳ ಕಡಿಮೆ. ಈ ಕೊರತೆ ಮುಂದುವರಿದರೆ ಹಾಲು ಇಳಿಯುತ್ತದೆ, ಆಕಳು ಸಕಾಲಕ್ಕೆ ಬೆದೆಗೆ ಬರುವುದಿಲ್ಲ, ಗರ್ಭ ನಿಲ್ಲುವುದು ಕಷ್ಟವಾಗುತ್ತದೆ. ಒಂದು ಸೂಲು ತಡವಾದರೆ ಆಗುವ ನಷ್ಟ ಎಷ್ಟೆಂದು ಸದಸ್ಯರಿಗೆ ಹೇಳಬೇಕಾಗಿಲ್ಲ.

ಇದಕ್ಕೆ ಪರಿಹಾರ ಕಠಿಣವಲ್ಲ. ಹಾಲು ಕೊಡುವ ಆಕಳು, ಎಮ್ಮೆಗೆ ದಿನಕ್ಕೆ ಸುಮಾರು 50 ಗ್ರಾಂ ಲವಣ ಮಿಶ್ರಣವನ್ನು ಹಿಂಡಿಯೊಡನೆ ಕೊಡಬೇಕು. ರಂಜಕ ಹೆಚ್ಚಿರುವ ತೌಡು, ಗೋಧಿ ಬೂಸಾ ಮತ್ತು ಹಸಿರು ಮೇವು ಸೇರಿಸಬೇಕು. ಪಶುವೈದ್ಯರ ಸಲಹೆಯಂತೆ ಜಂತುನಾಶಕ ಹಾಕಿಸಬೇಕು.

ಒಂದು ಎಚ್ಚರಿಕೆ: ದನ ಇದ್ದಕ್ಕಿದ್ದಂತೆ ಕಟ್ಟಿಗೆ, ಕಲ್ಲು ಕಚ್ಚುತ್ತ, ಜೊಲ್ಲು ಸುರಿಸುತ್ತ, ವಿಚಿತ್ರವಾಗಿ ಕೂಗುತ್ತಿದ್ದರೆ ಅದು ಹುಚ್ಚುನಾಯಿ ರೋಗವಿರಬಹುದು. ಬಾಯಿಗೆ ಕೈ ಹಾಕದೆ ಕೂಡಲೇ ಪಶುವೈದ್ಯರನ್ನು ಕರೆಸಿರಿ.

ಮರ ಉಳಿಸುವ ಬಗೆ

ಹೊಲದ ಬದುವಿನ ಮರಕ್ಕೆ ಗಾಯವಾಗಿದ್ದರೆ ಸಡಿಲ ತೊಗಟೆ ತೆಗೆದು ಬೋರ್ಡೋ ಮುಲಾಮು ಹಚ್ಚಿರಿ. ಮುಳ್ಳುಹಂದಿಯ ಕಾಟವಿದ್ದರೆ ಎಳೆ ಮರದ ಬುಡಕ್ಕೆ 2 ಅಡಿ ಎತ್ತರ ತಂತಿಜಾಲರಿ ಸುತ್ತಿರಿ. ಉರುಳು, ವಿಷ, ವಿದ್ಯುತ್ ತಂತಿ ಇಡುವುದು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ, ಮೇಯಲು ಹೋದ ನಿಮ್ಮ ದನಕ್ಕೂ ಕುತ್ತು. ಕಾಡಿನೊಳಗಿನ ಮರವಾದರೆ ಗುರುತುಗಳನ್ನು ನೋಡಿಕೊಂಡು ವಲಯ ಅರಣ್ಯ ಕಚೇರಿಗೆ ತಿಳಿಸಿರಿ.

ಮರ ಉಳಿದರೆ ನೆರಳು, ಸೊಪ್ಪು, ಮೇವು ಉಳಿಯುತ್ತವೆ. ಗಾಯಗೊಂಡ ಮರ ಕಂಡಾಗ ಮೊದಲು ಗುರುತು ನೋಡಿರಿ. ಅದು ನಿಮ್ಮ ಕೊಟ್ಟಿಗೆಯತ್ತ ಬೆರಳು ತೋರಿಸಿದರೆ ತಡಮಾಡದೆ ಲವಣ ಮಿಶ್ರಣ ಕೊಡಲು ಆರಂಭಿಸಿರಿ.